ಮಂದೆಯೊಳಗಿನ ಗುರುತು

ಚಳ್ಳಕೆರೆ ಸೀಮೆಯ ಕುರಿಹಟ್ಟಿಗಳಲ್ಲಿ ತಾಯಿಕುರಿಗಳು ಮೇಯಲು ಹೋದಾಗ ಎಳೆಮರಿಗಳು ರೊಪ್ಪದಲ್ಲೇ ಉಳಿಯುತ್ತವೆ. ಸಂಜೆ ಮಂದೆ ಹಿಂದಿರುಗುತ್ತಿದ್ದಂತೆ ಎರಡೂ ಕಡೆಯಿಂದ ಕೂಗು ಏಳುತ್ತದೆ. ಬಿಟ್ಟೊಡನೆ ಮರಿಗಳು ಕಾಲುಗಳ ಕಾಡಿನೊಳಗೆ ನುಗ್ಗಿ, ಸ್ವಲ್ಪ ಹೊತ್ತಿನಲ್ಲೇ ಒಂದೊಂದೂ ತನ್ನ ತಾಯಿಯ ಕೆಚ್ಚಲು ಸೇರುತ್ತದೆ. ತಪ್ಪಿ ಬೇರೆ ಕೆಚ್ಚಲಿಗೆ ಬಾಯಿ ಹಾಕಿದರೆ ಆ ಕುರಿ ಒಮ್ಮೆ ಮೂಸಿ, ತಲೆಯಿಂದ ಆಚೆ ತಳ್ಳುತ್ತದೆ.

ಈ ಗುರುತು ಹುಟ್ಟುವುದು ಕುರಿ ಮರಿ ಹಾಕಿದ ಹೊತ್ತಿನಲ್ಲೇ. ಸುಮಾರು ಐದು ತಿಂಗಳ ಗಬ್ಬ ಮುಗಿದು ಮರಿ ಹೊರಬರುವಾಗ ಗರ್ಭದ್ವಾರದ ಮೇಲೆ ಬೀಳುವ ಒತ್ತಡದಿಂದ ತಾಯಿಯ ಮಿದುಳಿನಲ್ಲಿ ಆಕ್ಸಿಟೋಸಿನ್ ಎಂಬ ರಾಸಾಯನಿಕ ಒಸರುತ್ತದೆ. ಅಲ್ಲಿಯವರೆಗೆ ಗರ್ಭಜಲದ ವಾಸನೆಗೆ ದೂರ ಸರಿಯುತ್ತಿದ್ದ ಕುರಿ ಈಗ ಅದೇ ವಾಸನೆಗೆ ಮನಸೋತು ಮರಿಯನ್ನು ನೆಕ್ಕತೊಡಗುತ್ತದೆ. ಮೊದಲ ಒಂದೆರಡು ಗಂಟೆಗಳಲ್ಲಿ ಆ ಮರಿಯ ವಾಸನೆ ನೆನಪಿನಲ್ಲಿ ಅಚ್ಚೊತ್ತುತ್ತದೆ. ಆಮೇಲೆ ಬೇರೆ ಮರಿಗೆ ಹಾಲಿಲ್ಲ. ಸತ್ತ ಮರಿಯ ಚರ್ಮವನ್ನು ತಬ್ಬಲಿ ಮರಿಗೆ ಹೊದಿಸಿ, ಮರಿ ಕಳೆದುಕೊಂಡ ಕುರಿಯಿಂದ ಹಾಲು ಕುಡಿಸುವ ಉಪಾಯ ಜಗತ್ತಿನ ಹಲವೆಡೆಯ ಕುರಿಗಾಹಿಗಳಿಗೆ ಗೊತ್ತು. ರಾಸಾಯನಿಕದ ಹೆಸರು ಪತ್ತೆಯಾಗುವ ಎಷ್ಟೋ ಮೊದಲೇ ಅವರು ಅದರ ಕೆಲಸವನ್ನು ಕಂಡುಕೊಂಡಿದ್ದರು.

ವಾಸನೆ ನಡೆಯುವುದು ಹತ್ತಿರದಲ್ಲಿ ಮಾತ್ರ. ದೂರದಿಂದ ಕುರಿ ಮುಖ ನೋಡುತ್ತದೆ. ಕೇಂಬ್ರಿಜ್ ಬಳಿಯ ಬಾಬ್ರಹಾಮ್ ಸಂಸ್ಥೆಯ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಕುರಿ 50 ಬೇರೆ ಕುರಿಗಳ ಮುಖಗಳನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ನೆನಪಿಟ್ಟುಕೊಳ್ಳಬಲ್ಲದು. ಅದೇ ತಂಡದ 2004ರ ಪ್ರಯೋಗ ನನ್ನ ಮನಸ್ಸನ್ನು ಇನ್ನೂ ಹೆಚ್ಚು ತಟ್ಟಿತು. ಕುರಿಯೊಂದನ್ನು ಒಂಟಿಯಾಗಿ ಕೂಡಿಹಾಕಿದರೆ ಎದೆಬಡಿತ ಏರುತ್ತದೆ, ರಕ್ತದಲ್ಲಿ ಆತಂಕದ ಹಾರ್ಮೋನುಗಳು ಹೆಚ್ಚುತ್ತವೆ, ಕೂಗು ನಿಲ್ಲುವುದಿಲ್ಲ. ಆಗ ಎದುರಿಗೆ ಇನ್ನೊಂದು ಕುರಿಯ ಮುಖದ ಚಿತ್ರ ತೋರಿಸಿದರೆ ಇವೆಲ್ಲ ಇಳಿಯುತ್ತವೆ. ಬರೀ ಚಿತ್ರಕ್ಕೇ ಅಷ್ಟು ಸಮಾಧಾನವಾಗುವುದಾದರೆ, ಒಂಟಿತನ ಕುರಿಗೆ ಮೈಯ ನೋವಿನಷ್ಟೇ ನಿಜ ಎಂದು ಒಪ್ಪಬೇಕಾಗುತ್ತದೆ.

ಗುಂಪಿನ ಈ ಹಂಬಲದ ಹಿಂದೆ ತೋಳದ ಭಯವಿದೆ. ಅಂಚಿನಲ್ಲಿ ಸಿಕ್ಕಿದ್ದೇ ಮೊದಲ ಬಲಿಯಾಗುವುದರಿಂದ ಪ್ರತಿಯೊಂದೂ ನಡುವಿಗೆ ಸರಿಯಲು ನೋಡುತ್ತದೆ ಎಂದು ಜೀವವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ 1971ರಲ್ಲಿ ತರ್ಕಿಸಿದ್ದರು. 2012ರಲ್ಲಿ ಕುರಿಗಳ ಬೆನ್ನಿಗೆ ಜಿಪಿಎಸ್ ಕಟ್ಟಿ, ನಾಯಿಯನ್ನು ಛೂ ಬಿಟ್ಟು ನೋಡಿದಾಗ ಅವು ನಿಜಕ್ಕೂ ನಡುವಿನತ್ತಲೇ ಓಡಿದವು. ಆದರೆ ಭಯವಿಲ್ಲದ ಹೊತ್ತಿನಲ್ಲಿ ಮಂದೆಯ ನಡೆಯೇ ಬೇರೆ. ಚಿಕ್ಕ ಗುಂಪುಗಳನ್ನು ಗಮನಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರತಿ ಸಲ ಹೊರಟಾಗಲೂ ಬೇರೊಂದು ಕುರಿ ಮುಂದಾಳಾಗುತ್ತಿತ್ತು, ಉಳಿದವು ಸಾಲಾಗಿ ಹಿಂಬಾಲಿಸುತ್ತಿದ್ದವು. ಹೀಗೆ ಸರದಿ ನಡೆದರೆ ಮೇವು ಕಂಡ ಒಂದು ಕುರಿಯ ತಿಳಿವಳಿಕೆ ಎಲ್ಲಕ್ಕೂ ದಕ್ಕುತ್ತದೆ.

ಮೈಯೂ ಬಯಲಿಗೆಂದೇ ಆದದ್ದು. ಕುರಿಯ ಕಣ್ಣಪಾಪೆ ಅಡ್ಡವಾಗಿದೆ. ನೆಲದಂಚಿನ ಉದ್ದಕ್ಕೂ, ಹೆಚ್ಚುಕಡಿಮೆ ಬೆನ್ನ ಹಿಂದಿನವರೆಗೂ ಅದಕ್ಕೆ ಕಾಣುತ್ತದೆ. ತಲೆ ತಗ್ಗಿಸಿ ಮೇಯುವಾಗ ಗುಡ್ಡೆಯೇ ತಿರುಗಿ ಪಾಪೆಯನ್ನು ಮತ್ತೆ ನೆಲಕ್ಕೆ ಸಮನಾಗಿಸುತ್ತದೆ. ಮೇಲ್ದವಡೆಯ ಮುಂದೆ ಹಲ್ಲಿಲ್ಲ, ಗಟ್ಟಿ ಒಸಡಿದೆ. ಅದಕ್ಕೆ ಕೆಳಹಲ್ಲುಗಳನ್ನು ಒತ್ತಿ, ಸೀಳಿದ ಮೇಲ್ದುಟಿಯಿಂದ ಆರಿಸಿ, ದನದ ನಾಲಿಗೆಗೆ ಎಟುಕದ ಗಿಡ್ಡ ಹುಲ್ಲನ್ನೂ ಕುರಿ ಕತ್ತರಿಸಬಲ್ಲದು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಚಳ್ಳಕೆರೆ, ಮೊಳಕಾಲ್ಮುರಿನಲ್ಲಿ ಇದು ಬದುಕಿನ ಪ್ರಶ್ನೆ.

ಇಲ್ಲಿಯ ಕರಿ ಕುರಿ ಡೆಕ್ಕನಿ ತಳಿಯದು. ಉಬ್ಬಿದ ಮೂಗು, ಜೋಲುಕಿವಿ, ಟಗರಿಗೆ ಸುರುಳಿ ಕೋಡು. ಉಣ್ಣೆ ಒರಟು, ಬಣ್ಣ ಹಾಕುವ ಅಗತ್ಯವೇ ಇಲ್ಲದಷ್ಟು ಕಪ್ಪು. ನೂಲಿಗೆ ಹುಣಸೆಬೀಜದ ಗಂಜಿ ಕೊಟ್ಟು ಕುಣಿಮಗ್ಗದಲ್ಲಿ ನೇಯ್ದರೆ ಕಂಬಳಿ. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿದರೂ ಮೈಗೆ ಒದ್ದೆ ಎನಿಸದು. ಮಳೆಯಲ್ಲಿ ನಿಂತು ಕುರಿ ಕಾಯುವವರು ಅದನ್ನೇ ಹೊದೆಯಲು ಇದೂ ಒಂದು ಕಾರಣ.

ದಕ್ಷಿಣ ದಖನ್ನಿನಲ್ಲಿ ಕುರಿ, ಮೇಕೆ, ದನ ಸಾಕಣೆ ನವಶಿಲಾಯುಗದಷ್ಟು ಹಳೆಯದು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆದದ್ದು ಆ ಕಾಲದ ನೆಲೆಯನ್ನೂ ಬೆಳಕಿಗೆ ತಂದಿತು. ಅಷ್ಟು ಹಳೆಯ ನಂಟು ಈಗ ಜಾಗದ ಇಕ್ಕಟ್ಟಿಗೆ ಸಿಕ್ಕಿದೆ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ, ದೊಡ್ಡಉಳ್ಳಾರ್ತಿ, ಕುದಾಪುರ, ವರವು ಸುತ್ತಮುತ್ತ, ಸುಮಾರು 10,000 ಎಕರೆ ಹುಲ್ಲುಗಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳೂ ಸೇರಿದಂತೆ ಬೇರೆ ಬೇರೆ ಯೋಜನೆಗಳಿಗೆ ಹೋಯಿತು. ಗೋಡೆ ಎದ್ದ ಕಡೆ ಮಂದೆಯ ದಾರಿ ನಿಂತಿತು. ಆ ಸಂಸ್ಥೆಗಳ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೂ ಕಾವಲನ್ನು ಖಾಲಿ ಜಾಗವೆಂದು ಎಣಿಸಿದ ಲೆಕ್ಕವನ್ನು ಒಪ್ಪಲಾರೆ.

ಮೇವಿನ ಬಯಲು ಕುಗ್ಗಿದಲ್ಲಿ ಕಟ್ಟಿ ಮೇಯಿಸುವುದು ಅನಿವಾರ್ಯವಾದೀತು. ಹಾಗೆ ಸಾಕುವವರಾದರೂ ಒಂದೇ ಮರಿಯನ್ನು ತಂದು ಕಂಬಕ್ಕೆ ಕಟ್ಟಬಾರದು. ಸ್ವಿಟ್ಜರ್ಲೆಂಡಿನಲ್ಲಿ ಗಿನಿಪಿಗ್ಗಿನಂಥ ಪುಟ್ಟ ಸಾಕುಪ್ರಾಣಿಯನ್ನೂ ಒಂಟಿಯಾಗಿ ಸಾಕಲು ಕಾನೂನು ಬಿಡುವುದಿಲ್ಲ. ಒಂದೇ ಮಂದೆಯ ಎರಡು ಮರಿಗಳನ್ನು ಜೊತೆಯಾಗಿ ತಂದರೆ ಪರಿಚಿತ ಮುಖ ಎದುರಿಗಿರುತ್ತದೆ, ಹೊಸ ಜಾಗದ ಗಾಬರಿಯೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.