ಹೊಸ ಡಿಸ್ಕಿಗೆ ಹಳೆಯ ವಿಳಾಸ

ನಮ್ಮ ಮನೆಯ ಲ್ಯಾಪ್‌ಟಾಪಿಗೆ ಈಗ ಹತ್ತು ವರ್ಷ. ಬೆಳಿಗ್ಗೆ ಗುಂಡಿ ಒತ್ತಿ, ಸ್ನಾನ ಮುಗಿಸಿ, ಕಾಫಿ ಕುಡಿದು ಬಂದರೂ ಅದಕ್ಕೆ ಪೂರ್ತಿ ಎಚ್ಚರವಾಗಿರುತ್ತಿರಲಿಲ್ಲ. ಅದರೊಳಗಿದ್ದುದು ತಟ್ಟೆ ತಿರುಗುವ ಹಳೆಯ ಬಗೆಯ ಹಾರ್ಡ್ ಡಿಸ್ಕು. ಅದರ ಬದಲು, ತಿರುಗುವ ಭಾಗವೇ ಇಲ್ಲದ ಎಸ್.ಎಸ್.ಡಿ. ಹಾಕಿದರೆ ಮುದುಕನಿಗೆ ಯೌವನ ಬರುವುದೆಂದು ಬಲ್ಲವರು ಹೇಳಿದರು. ಒಂದು ಶನಿವಾರ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ೫೦೦ ಜಿ.ಬಿ.ಯದೊಂದನ್ನು ಕೊಂಡು, ಅದನ್ನು ಯು.ಎಸ್.ಬಿ. ಮೂಲಕ ಜೋಡಿಸುವ ತಂತಿಯನ್ನೂ ತಂದೆವು.

ಆದರೆ ಆ ಯಂತ್ರದಲ್ಲಿ ಮನೆಯ ಲೆಕ್ಕಪತ್ರವಷ್ಟೇ ಇರಲಿಲ್ಲ. ನಮ್ಮ ತಾಯಿಯವರು ತೀರಿಕೊಳ್ಳುವುದಕ್ಕೆ ಒಂದು ವರ್ಷ ಮೊದಲು, ೨೦೧೮ರಲ್ಲಿ, ಹಾಡಿದ ಸೋಬಾನೆ, ಜೋಗುಳ, ಆರತಿಯ ಹಾಡುಗಳ ಧ್ವನಿಮುದ್ರಣ ಅದರಲ್ಲಿದ್ದಿತು. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ‘ನಾಳೆ ಮಾಡೋಣ’ ಎನ್ನುತ್ತಲೇ ವರ್ಷಗಳು ಕಳೆದಿದ್ದವು.

“ಮೊದಲು ಹಾಡುಗಳನ್ನು ಬೇರೆ ಕಡೆ ತೆಗೆದಿಡಿ” ಎಂದರು ನಮ್ಮ ಮನೆಯವರು. ಡಿಸ್ಕೇ ನಕಲಾಗುವಾಗ ಹಾಡುಗಳನ್ನು ಬೇರೆ ತೆಗೆದಿಡುವುದೇಕೆಂದು ನಾವು ಜಾಣತನ ತೋರಿದೆವು.

ನಕಲು ಮಾಡುವ ತಂತ್ರಾಂಶ ‘ಯಾವ ವಿಭಾಗಗಳು ಬೇಕು?’ ಎಂದು ಕೇಳಿತು. ವಿಂಡೋಸ್ ಇರುವುದು ಸಿ ವಿಭಾಗದಲ್ಲಿ, ಹಾಡುಗಳಿರುವುದೂ ಅಲ್ಲಿಯೇ. ಅದೊಂದನ್ನೇ ಆರಿಸಿದೆವು. ಮೂರು ಗಂಟೆ ಹಿಡಿಯಿತು. ಸ್ಕ್ರೂ ಬಿಚ್ಚಿ, ಹಳೆಯದನ್ನು ತೆಗೆದು, ಹೊಸದನ್ನು ಕೂರಿಸಿ, ಕುಲದೇವರನ್ನು ನೆನೆದು ಗುಂಡಿ ಒತ್ತಿದೆವು. ಕಪ್ಪು ಪರದೆಯ ಮೇಲೆ ಒಂದೇ ಸಾಲು: ಬೂಟ್ ಮಾಡಬಲ್ಲ ಸಾಧನವಿಲ್ಲ!

ನೆರೆಮನೆಯ ತರುಣನೊಬ್ಬ ಬಂದು, ಸೆಟ್ಟಿಂಗಿನಲ್ಲಿ ಯು.ಇ.ಎಫ್.ಐ. ತೆಗೆದು ‘ಲೆಗಸಿ’ ಮಾಡಿ ನೋಡಿದ. ಫಲವಾಗಲಿಲ್ಲ. ಅಂಗಡಿಯೊಬ್ಬರಿಗೆ ಫೋನು ಮಾಡಿದರೆ, “ಎರಡೂ ಡಿಸ್ಕು ತನ್ನಿ, ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿಕೊಡೋಣ” ಎಂದರು. ‘ಎರಡೂ’ ಎಂಬ ಮಾತು ಕೇಳಿ ನಮ್ಮ ಎದೆ ಧಸಕ್ಕೆಂದಿತು. ಫೋನು ಇಟ್ಟು, ಸೆಟ್ಟಿಂಗನ್ನು ಮೊದಲಿನಂತೆಯೇ ಮಾಡಿ, ಹಳೆಯ ಡಿಸ್ಕನ್ನು ಮತ್ತೆ ಹಾಕಿದೆವು. ಯಂತ್ರ ಎಂದಿನಂತೆ ನಿಧಾನವಾಗಿ ಎದ್ದಿತು. ಆ ರಾತ್ರಿಯೇ ಹಾಡುಗಳು ಪೆನ್ ಡ್ರೈವಿಗೆ ಇಳಿದವು. ಮನೆಯವರು ಏನನ್ನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಮರುದಿನ ಶಾಂತವಾಗಿ ಕುಳಿತು ವಿಚಾರಿಸಲಾಗಿ ಕಾರಣ ತಿಳಿಯಿತು. ಗುಂಡಿ ಒತ್ತಿದೊಡನೆ ಮೊದಲು ಏಳುವುದು ವಿಂಡೋಸ್ ಅಲ್ಲ, ಮದರ್‌ಬೋರ್ಡಿನಲ್ಲಿರುವ ಯು.ಇ.ಎಫ್.ಐ. ಎಂಬ ತಂತ್ರಾಂಶ. ಅದು ನೇರವಾಗಿ ಸಿ ವಿಭಾಗಕ್ಕೆ ಹೋಗುವುದಿಲ್ಲ. ಸಾಮಾನ್ಯವಾಗಿ ೧೦೦ ಎಂ.ಬಿ.ಯಷ್ಟಿರುವ, ಅಕ್ಷರದ ಹೆಸರಿಲ್ಲದ್ದರಿಂದ ನಮ್ಮ ಕಣ್ಣಿಗೆ ಬೀಳದ, ಇ.ಎಫ್.ಐ. ವಿಭಾಗವೊಂದನ್ನು ಹುಡುಕುತ್ತದೆ. ಅಲ್ಲಿರುವ ಬೂಟ್ ಮ್ಯಾನೇಜರಿನ ಬಳಿ ಬಿ.ಸಿ.ಡಿ. ಎಂಬ ದಫ್ತರವಿದೆ. ‘ವಿಂಡೋಸ್ ಇರುವುದು ಇಂಥ ಗುರುತಿನ ಡಿಸ್ಕಿನ ಇಂಥ ವಿಭಾಗದಲ್ಲಿ’ ಎಂದು ಅದರಲ್ಲಿ ಬರೆದಿರುತ್ತದೆ. ನಾವು ತಂದದ್ದು ಮನೆಯನ್ನು. ಬಾಗಿಲನ್ನು ಹಳೆಯ ಡಿಸ್ಕಿನಲ್ಲಿಯೇ ಬಿಟ್ಟಿದ್ದೆವು. ‘ಲೆಗಸಿ’ಯಿಂದ ಫಲವಾಗದಿದ್ದುದೂ ಸಹಜವೇ. ಜಿ.ಪಿ.ಟಿ. ಕ್ರಮದ ಡಿಸ್ಕಿನಿಂದ ವಿಂಡೋಸ್ ಏಳಬೇಕಾದರೆ ಯು.ಇ.ಎಫ್.ಐ.ಯೇ ಬೇಕು.

ಎರಡನೆಯ ಸಲ ಡಿಸ್ಕನ್ನು ಇಡಿಯಾಗಿ ನಕಲು ಮಾಡಿದೆವು. ಇಲ್ಲೊಂದು ಎಚ್ಚರಿಕೆ. ೫೦೦ ಜಿ.ಬಿ.ಯ ಎರಡೂ ಡಿಸ್ಕುಗಳು ಪರದೆಯಲ್ಲಿ ೪೬೫ ಎಂದೇ ತೋರುತ್ತವೆ. ಯಾವುದು ಮೂಲ, ಯಾವುದು ನಕಲು ಎಂಬುದು ಅದಲುಬದಲಾದರೆ ಖಾಲಿ ಡಿಸ್ಕು ಬಂದು ತುಂಬಿದ ಡಿಸ್ಕನ್ನು ಅಳಿಸಿಬಿಡುತ್ತದೆ. ಆದ್ದರಿಂದ ಅಳತೆಯನ್ನು ನಂಬದೆ, ಡಿಸ್ಕಿನ ಮೇಲಿನ ಚೀಟಿಯಲ್ಲಿರುವ ಮಾದರಿಯ ಹೆಸರನ್ನು ಪರದೆಯಲ್ಲಿರುವುದರೊಡನೆ ಮೂರು ಬಾರಿ ತಾಳೆ ನೋಡಿದೆವು.

ನಕಲು ಮುಗಿಯಿತು. ಆಗಲೇ ಯಂತ್ರವನ್ನು ಆರಿಸಿ ಹಳೆಯದನ್ನು ತೆಗೆಯಬೇಕಾಗಿದ್ದಿತು. ನಮಗೆ ಕುತೂಹಲ, ಎರಡನ್ನೂ ಜೋಡಿಸಿಟ್ಟುಕೊಂಡೇ ಹೊಸದನ್ನು ತೆರೆದು ನೋಡಿದೆವು. ಅಕ್ಷರಶಃ ನಕಲಾದ ಡಿಸ್ಕಿಗೆ ಗುರುತಿನ ಸಂಖ್ಯೆಯೂ ಮೂಲದ್ದೇ. ಒಂದೇ ಗುರುತಿನ ಎರಡನ್ನು ವಿಂಡೋಸ್ ಒಟ್ಟಿಗೆ ಒಪ್ಪುವುದಿಲ್ಲ. ನಾವು ‘ಆನ್‌ಲೈನ್’ ಮಾಡಿದೊಡನೆ ಅದು ಹೊಸದಕ್ಕೆ ಬೇರೆ ಗುರುತು ಕೊಟ್ಟಿತು. ದಫ್ತರದಲ್ಲಿ ಮಾತ್ರ ಹಳೆಯದೇ ಉಳಿಯಿತು. ಡಿಸ್ಕು ಬದಲಿಸಿ ಗುಂಡಿ ಒತ್ತಿದರೆ, ಈ ಸಲ ಬಾಗಿಲು ತೆರೆಯಿತು. ಆದರೆ ‘ಬೇಕಾದ ಸಾಧನ ಜೋಡಣೆಯಾಗಿಲ್ಲ’ ಎಂದು ನೀಲಿ ಪರದೆ ಬಂದಿತು. ಕಚೇರಿಯ ಗುಮಾಸ್ತರಾದ ನಮಗೆ ಇದು ಹೊಸತಲ್ಲ. ಕಡತವನ್ನು ಹೊಸ ಬೀರುವಿಗೆ ಸಾಗಿಸಿ, ರಿಜಿಸ್ಟರಿನಲ್ಲಿ ಹಳೆಯ ಬೀರುವಿನ ಸಂಖ್ಯೆಯನ್ನೇ ಬಿಟ್ಟರೆ ಕಡತ ಇದ್ದೂ ಇಲ್ಲದಂತೆಯೇ.

ರಿಜಿಸ್ಟರನ್ನು ತಿದ್ದುವುದು ಕಷ್ಟವಲ್ಲ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಸಾಧನದಿಂದ, ಗೆಳೆಯರ ಕಂಪ್ಯೂಟರಿನಲ್ಲಿ, ೮ ಜಿ.ಬಿ.ಯ ಖಾಲಿ ಪೆನ್ ಡ್ರೈವೊಂದನ್ನು ವಿಂಡೋಸ್ ಸ್ಥಾಪನೆಗೆಂದು ಸಿದ್ಧಪಡಿಸಿದೆವು. ಅದರಿಂದ ಯಂತ್ರವನ್ನು ಎಬ್ಬಿಸಿ, ‘ಸ್ಥಾಪಿಸು’ ಎಂಬುದನ್ನು ಮುಟ್ಟದೆ ‘ದುರಸ್ತಿ’ಯನ್ನು ಆರಿಸಿ, ಕಮಾಂಡ್ ಪ್ರಾಂಪ್ಟ್ ತೆರೆದೆವು. ಡಿಸ್ಕ್‌ಪಾರ್ಟ್ ಎಂಬ ಆಜ್ಞೆಯಿಂದ ವಿಭಾಗಗಳ ಪಟ್ಟಿ ನೋಡಿ, ೧೦೦ ಎಂ.ಬಿ.ಯ ಆ ಚಿಕ್ಕ ವಿಭಾಗಕ್ಕೆ ಎಸ್ ಎಂಬ ಅಕ್ಷರ ಕೊಟ್ಟೆವು. ಈ ದುರಸ್ತಿಕೋಣೆಯಲ್ಲಿ ಸಿ ಎಂಬುದು ಕೆಲವೊಮ್ಮೆ ಡಿ ಆಗಿ ತೋರುವುದುಂಟು. ವಿಂಡೋಸ್ ಇರುವ ಅಕ್ಷರವನ್ನು ನೋಡಿ ಖಚಿತಪಡಿಸಿಕೊಳ್ಳಬೇಕು. ಆಮೇಲೆ ‘ಬಿಸಿಡಿಬೂಟ್’ ಎಂಬ ಒಂದೇ ಆಜ್ಞೆ. ವಿಂಡೋಸ್ ಎಲ್ಲಿದೆ, ದಫ್ತರ ಎಲ್ಲಿರಬೇಕು ಎಂಬೆರಡನ್ನು ಹೇಳಿದರೆ ಅದು ಹೊಸ ದಫ್ತರವನ್ನೇ ಬರೆದುಕೊಡುತ್ತದೆ. ಪೆನ್ ಡ್ರೈವ್ ತೆಗೆದು ಗುಂಡಿ ಒತ್ತಿದೆವು. ಕಾಫಿ ಬೆರೆಸುವಷ್ಟರಲ್ಲಿ ಯಂತ್ರ ಎದ್ದು ಕುಳಿತಿದ್ದಿತು.

ವಾಚಕರಲ್ಲಿ ಯಾರಾದರೂ ಈ ಕೆಲಸಕ್ಕೆ ಕೈಹಾಕುವುದಾದರೆ ನಮ್ಮ ಬಿನ್ನಹವಿಷ್ಟು. ಕಳೆದುಕೊಳ್ಳಬಾರದ್ದನ್ನು ಮೊದಲು ಬೇರೆಡೆ ತೆಗೆದಿಡಿ. ಬಿಟ್‌ಲಾಕರ್ ಬೀಗವಿದ್ದರೆ ಅದರ ೪೮ ಅಂಕಿಗಳ ಕೀಲಿಯನ್ನು ಬರೆದಿಟ್ಟುಕೊಳ್ಳಿ. ಡಿಸ್ಕನ್ನು ಇಡಿಯಾಗಿ ನಕಲು ಮಾಡಿ, ಮೊದಲ ಸಲ ಹೊಸದೊಂದರಿಂದಲೇ ಎಬ್ಬಿಸಿ. ಹೊಸದು ಕೆಲವು ವಾರ ಸರಿಯಾಗಿ ನಡೆಯುವವರೆಗೆ ಹಳೆಯದನ್ನು ಅಳಿಸಬೇಡಿ. ಮುಖ್ಯವಾಗಿ, ‘ನಕಲು ಮುಗಿಯಿತು’ ಎಂದು ಪರದೆ ಹೇಳಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ನಕಲಿನಿಂದ ಯಂತ್ರ ಎದ್ದಾಗಲೇ ಮುಗಿಯಿತು.

ನಮ್ಮ ಹಳೆಯ ಡಿಸ್ಕು ಈಗ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿದೆ. ಹಾಡುಗಳ ಒಂದು ಪ್ರತಿ ಧಾರವಾಡದಲ್ಲಿರುವ ತಂಗಿಯ ಮನೆ ಸೇರಿದೆ. ಅವಳು ಕೇಳಿ, “ಅವ್ವ ಮೂರನೆಯ ಆರತಿಯಲ್ಲಿ ಒಂದು ನುಡಿ ಮರೆತಿದ್ದಾಳೆ, ನನಗೆ ಬರುತ್ತದೆ” ಎಂದು ಫೋನು ಮಾಡಿದ್ದಳು. ಬರುವ ದೀಪಾವಳಿಗೆ ಬಂದಾಗ ಅದನ್ನೂ ಹಾಡಿಸಿ ಸೇರಿಸುವವರಿದ್ದೇವೆ.