ಮಾಳಿಗೆಯ ಮೇಲೆ ಮಳೆ ನಕ್ಷತ್ರ

ಬೆಳಕಿಂಡಿಗೆ ತಗಡು ಮುಚ್ಚಿ, ತಗಡಿನ ಮೇಲೊಂದು ಗುಂಡುಕಲ್ಲು ಹೇರಿದ ಮೇಲೆಯೇ ಅವ್ವ ಮಕ್ಕಳಿಗೆ ಮಾಳಿಗೆ ಹತ್ತಲು ಬಿಟ್ಟಿದ್ದು. ಮುಗಿಲು ನೋಡುತ್ತ ಕತ್ತಲಲ್ಲಿ ಹೆಜ್ಜೆ ಹಾಕಿದವರು ನೆಟ್ಟಗೆ ಒಲೆಯ ಮುಂದೆ ಇಳಿಯುತ್ತಾರೆ ಎಂಬ ಭಯ ಅವಳದು. ಆ ಭಯಕ್ಕೆ ಅನುಭವವೂ ಇದೆ: ಚಿಕ್ಕಂದಿನಲ್ಲಿ ಗಾಳಿಪಟದ ಹಿಂದೆ ಓಡಿದ ನನ್ನ ಒಂದು ಕಾಲು ಹಾಗೆ ಇಳಿದಿತ್ತು.

2024ರ ಎಳ್ಳಮವಾಸ್ಯೆ. ಡಿಸೆಂಬರ್ 30, ಸೋಮವಾರ. ಕಪ್ಪತಗುಡ್ಡದ ಮಗ್ಗುಲಿನ ನಮ್ಮೂರಲ್ಲಿ ಬೆಳಗಿನಿಂದ ಎಲ್ಲರೂ ಹೊಲದಲ್ಲೇ ಇದ್ದೆವು. ಚರಗ ಚೆಲ್ಲಿ, ಬಿಳಿಜೋಳದ ನಡುವೆ ಕೂತು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡು ಬಂದವರಿಗೆ ರಾತ್ರಿ ಹಸಿವೆಯೇ ಇಲ್ಲ. ಅಮವಾಸ್ಯೆಯ ಕತ್ತಲು, ಒಂದು ತುಣುಕೂ ಮೋಡವಿಲ್ಲದ ಮುಗಿಲು, ಬೆಂಗಳೂರಿನಿಂದ ನನ್ನ ಮಗಳು ಹೊತ್ತು ತಂದ ಬೈನಾಕ್ಯುಲರ್. ಅಡ್ಡಿ ಎಂದರೆ ಗುಡಿ ಮುಂದಿನ ಎಲ್‌ಇಡಿ ದೀಪವೊಂದೇ. ನನ್ನ ತಮ್ಮ ವಾಟರ್‌ಮನ್‌ಗೆ ಫೋನ್ ಹಚ್ಚಿ, ‘ಒಂದೆರಡು ತಾಸು ಬೀದಿ ಲೈಟ್ ಬಂದ್ ಮಾಡೋ ಮಾರಾಯಾ’ ಎಂದ. ಕಾರಣ ಕೇಳಿ ಆತ ನಕ್ಕಿರಬೇಕು. ದೀಪವಂತೂ ಆರಿತು.

ಮೊದಲಿಗೆ ಏನೂ ಕಾಣಲಿಲ್ಲ. ಕಣ್ಣಿಗೆ ಕತ್ತಲು ಹೊಂದಲು ಇಪ್ಪತ್ತು ನಿಮಿಷವಾದರೂ ಬೇಕು, ಫೋನ್ ತೆಗೆದರೆ ಮತ್ತೆ ಮೊದಲಿನಿಂದ ಎಂದು ಮಗಳು ಕಟ್ಟಪ್ಪಣೆ ಮಾಡಿದಳು. ಕೌದಿ ಹೊದ್ದು ಸಾಲಾಗಿ ಅಂಗಾತ ಮಲಗಿದೆವು. ಪಡುವಣದಲ್ಲಿ ಬೇವಿನ ಮರದ ಸಂದಿಯಿಂದ ಶುಕ್ರ, ಅದರ ಮೇಲೆ ಸಪ್ಪೆ ಮೋರೆಯ ಶನಿ. ತಮ್ಮನ ಮಗ ಗುಡ್ಡದ ಕಡೆ ಕೈ ಮಾಡಿ, ‘ಅಲ್ನೋಡ್ರಿ, ಕೆಂಪು ಚಿಕ್ಕಿ ಸಾಲು!’ ಎಂದು ಕೂಗಿದ. ಎಲ್ಲವೂ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತಿದ್ದವು. ಗಾಳಿಯಂತ್ರಗಳ ನೆತ್ತಿಯ ದೀಪ. ಚಿಕ್ಕಿಗಳಿಗೆ ಅಷ್ಟು ಶಿಸ್ತು ಇರುವುದಿಲ್ಲ.

ನೆತ್ತಿಯಿಂದ ಸ್ವಲ್ಪ ಮೂಡಣಕ್ಕೆ ಕೃತ್ತಿಕೆಯ ಗೊಂಚಲು. ಎಣಿಸುವ ಪಂದ್ಯ ಬಿತ್ತು. ಅವ್ವನಿಗೆ ಐದು, ನನಗೆ ಆರು, ತಮ್ಮ ಏಳು ಎಂದು ಹಟ ಹಿಡಿದ. ಬೈನಾಕ್ಯುಲರ್ ಹಿಡಿದ ಮಗಳು ಇಪ್ಪತ್ತರವರೆಗೆ ಬಂದು ಲೆಕ್ಕ ತಪ್ಪಿ, ‘ಅಜ್ಜಿ, ಇದು ಕೃತ್ತಿಕಾ’ ಎಂದು ಅವಳ ಕೈಗಿತ್ತಳು.

‘ಕೃತ್ತಿಕಾ ಅಂದ್ರ ಮಳಿ ಅಲ್ಲೇನs?’

‘ಮಳೆ ಅಲ್ಲ ಅಜ್ಜಿ, ನಕ್ಷತ್ರ.’

ಮಗಳು ಬೆರಳು ಇಳಿಸುತ್ತ ಹೋದಳು. ಕೃತ್ತಿಕೆಯ ಕೆಳಗೆ ಕಿತ್ತಳೆ ಬಣ್ಣದ ರೋಹಿಣಿ. ಆ ವರ್ಷ ಅದರ ಪಕ್ಕದಲ್ಲೇ ಗುರು ಬಂದು ಕೂತು, ಅದನ್ನೇ ಮಂಕು ಮಾಡಿದ್ದ. ಅದರ ಕೆಳಗೆ ಮಹಾವ್ಯಾಧ: ತಲೆಯ ಜಾಗದಲ್ಲಿ ಒತ್ತಾಗಿ ಮೂರು ಸಣ್ಣ ಚುಕ್ಕಿ, ಅದು ಮೃಗಶಿರ. ಭುಜದಲ್ಲಿ ಕೆಂಪಗೆ ಆರಿದ್ರಾ. ಅದಕ್ಕೂ ಕೆಳಗೆ, ಈಗಷ್ಟೇ ಮೇಲೆದ್ದ ಪುನರ್ವಸುವಿನ ಜೋಡಿ. ಅವ್ವ ತಡೆದು ತಡೆದು ಒಂದೊಂದನ್ನೂ ತಿರುಗಿ ಹೇಳಿದಳು. ರೋಹಿಣಿ ಬಂದಾಗ ‘ರೋಹಿಣಿ ಮಳಿ ಬಂದ್ರ ಓಣಿಯೆಲ್ಲಾ ಜೋಳ’ ಎಂಬ ಗಾದೆ ತಾನಾಗಿ ಬಾಯಿಗೆ ಬಂತು. ನಾಲ್ಕು ದಶಕ ಬಿತ್ತಿ ಬೆಳೆದವಳ ಮಳೆಪಟ್ಟಿ ಸಾಲಾಗಿ ಮುಗಿಲಲ್ಲಿ ನಿಂತಿತ್ತು. ಅವಳು ಒಮ್ಮೆಯೂ ಅವನ್ನು ನೋಡಿರಲಿಲ್ಲ. ನಾವು ಶಾಲೆ ಕಲಿತವರು ಒಮ್ಮೆಯೂ ತೋರಿಸಿರಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದು ಕೂತಳು. ‘ಎಲ್ಲಾ ಇಲ್ಲೇ ಅದಾವಂದ್ರ ಮತ್ತ ಮಳಿ ಯಾಕಿಲ್ಲ?’

ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಕಾಲೇಜಿನಲ್ಲೂ ಯಾರೂ ಕೇಳಿರಲಿಲ್ಲ. ಕೆಳಗಿನಿಂದ ಚಾರ್ಜಿಂಗ್ ಬಲ್ಬು ತರಿಸಿದೆ. ಗಳಿಸಿದ ಕತ್ತಲೆಲ್ಲ ಹಾಳಾಯಿತೆಂದು ಮಗಳು ಮುನಿದಳು. ಬಲ್ಬು ಹಿಡಿದು ನಡುವೆ ನಿಂತ ನಾನು ಸೂರ್ಯ. ಕುಂಬಿಗೆ ಒರಗಿ ಕೂತ ತಮ್ಮ ಆರಿದ್ರಾ. ಅವ್ವ, ಭೂಮಿ. ಅವಳನ್ನು ಬಲ್ಬಿನ ಆಚೆ ಬದಿಗೆ ನಿಲ್ಲಿಸಿದೆ. ‘ಅವನ ಮಾರಿ ಕಾಣ್ತದೇನು?’

‘ಇಲ್ಲೋ, ಕಣ್ಣಿಗೆ ಬೆಳಕು ಹೊಡೀತದ.’

‘ಇದು ಜೂನ್.’ ಕೈ ಹಿಡಿದು ಅರ್ಧ ಸುತ್ತು ನಡೆಸಿದೆ. ಎತ್ತು ಮೇಟಿ ಸುತ್ತಿದ ಹಾಗೆ. ಈಗ ಬಲ್ಬು ಬೆನ್ನಿಗೆ, ತಮ್ಮ ಎದುರಿಗೆ, ಹಲ್ಲು ಕಿರಿಯುತ್ತ. ‘ಇದು ಡಿಸೆಂಬರ್.’

ಅವ್ವ ಬಲ್ಬಿನ ಕಡೆ ತಿರುಗಿ, ಮತ್ತೆ ತಮ್ಮನ ಕಡೆ ತಿರುಗಿ ನೋಡಿದಳು. ‘ಅಂದ್ರ ಮಳಿ ಸುರಿಯೋ ಮುಂದ ಇವ ಸೂರ್ಯನ ಹಿಂದ, ಹಗಲಾಗ ಕುಂತಿರ್ತಾನ. ಸುಗ್ಗಿ ಹತ್ರ ಬಂದಾಗ ರಾತ್ರಿ ಹೊರಗ ಬರ್ತಾನ.’

ಇದಕ್ಕಿಂತ ಚೊಕ್ಕವಾಗಿ ನಾನು ಹೇಳಲಾರೆ. ಸೂರ್ಯ ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆ. ಒಂದೊಂದರಲ್ಲಿ ಹದಿಮೂರು, ಹದಿನಾಲ್ಕು ದಿನ. ಜೂನ್ 22ರ ಸುಮಾರಿಗೆ ಆರಿದ್ರೆಗೆ ಬಂದರೆ ಜುಲೈ 5ರವರೆಗೆ ಆರಿದ್ರಾ ಮಳೆ. ಮಳೆ ತರುವುದು ಮುಂಗಾರಿನ ಗಾಳಿ, ಚುಕ್ಕಿಯಲ್ಲ. ಪಂಚಾಂಗದವರು ಪ್ರತಿ ಮಳೆಗೂ ಕುದುರೆ, ಕಪ್ಪೆ, ನರಿ ಎಂದು ಹಂಚುವ ವಾಹನಗಳನ್ನು ನಾನಂತೂ ನಂಬುವುದಿಲ್ಲ. ಆದರೆ ತಾರೀಖಾಗಿ ಈ ಹೆಸರುಗಳಿಗೆ ಸಾಟಿಯಿಲ್ಲ. ಆ ದಿನ ನಾವು ಚರಗ ಚೆಲ್ಲಿದ ಜೋಳ ಬಿತ್ತಿದ್ದು ಯಾವಾಗ ಎಂದರೆ ಅವ್ವ ಸೆಪ್ಟೆಂಬರ್ ಎನ್ನುವುದಿಲ್ಲ, ‘ಉತ್ತರಿ ಹದಕ್ಕ’ ಎನ್ನುತ್ತಾಳೆ.

ಬಲ್ಬು ಆರಿಸಿ ಮತ್ತೆ ಕತ್ತಲಿಗೆ ಕಾದೆವು. ಮಗಳು ಬೈನಾಕ್ಯುಲರನ್ನು ಕುಂಬಿಯ ಮೇಲೆ ಅಲುಗದಂತೆ ಊರಿ ಗುರುವಿನ ಚಂದ್ರರನ್ನು ಹಿಡಿದಳು. ಆರಿದ್ರೆಯನ್ನು ಸೂರ್ಯನ ಜಾಗದಲ್ಲಿಟ್ಟರೆ ಭೂಮಿಯನ್ನಷ್ಟೇ ಅಲ್ಲ, ಮಂಗಳನನ್ನೂ ನುಂಗುತ್ತದೆ ಎಂದು ತಮ್ಮನ ಮಗನನ್ನು ಹೆದರಿಸಿದಳು. 2019ರ ಕೊನೆಗೆ ಅದು ಇದ್ದಕ್ಕಿದ್ದಂತೆ ಮಂಕಾದದ್ದು, ಸಿಡಿದೇ ಹೋಗುತ್ತದೇನೋ ಎಂದು ಜಗತ್ತೆಲ್ಲ ಕತ್ತೆತ್ತಿ ಕಾದದ್ದು, ಕೊನೆಗೆ ಅದು ತಾನೇ ಉಗುಳಿದ ಧೂಳಿನ ಮರೆ ಎಂದು ತಿಳಿದದ್ದು, ಎಲ್ಲ ಹೇಳಿದಳು. ರೋಹಿಣಿಯ ಬೆಳಕು ನಮ್ಮನ್ನು ಮುಟ್ಟಲು 65 ವರ್ಷ ಬೇಕೆಂದಾಗ ನನಗೆ ಅವ್ವನ ಆಧಾರ್ ಕಾರ್ಡು ನೆನಪಾಯಿತು: ಜನವರಿ 1, 1960. ಅವಳ ವಾರಿಗೆಯ ಅರ್ಧ ಊರು ಜನವರಿ ಒಂದಕ್ಕೇ ಹುಟ್ಟಿದೆ.

‘ನಾಡಿದ್ದಿಗೆ ನಿನಗ ಅರವತ್ತೈದು ಅವ್ವಾ. ನೀ ಹುಟ್ಟಿದಾಗ ಹೊಂಟ ಬೆಳಕು ಈಗ ಬಂದದ.’

‘ಅದು ಸಾಲಿ ಮಾಸ್ತರ ಬರೆದದ್ದು. ನಾ ಹುಟ್ಟಿದ್ದು ಹುಬ್ಬಿ ಮಳ್ಯಾಗ. ಮೂರು ದಿನ ಹಿಡಿದ ಮಳಿ ಬಿಟ್ಟಿರಲಿಲ್ಲಂತ.’ ತುಸು ತಡೆದು ಕೇಳಿದಳು, ‘ಹುಬ್ಬಿ ಎಲ್ಲೈತಿ?’

ಇನ್ನೂ ಮೂಡಿರಲಿಲ್ಲ. ಪುಷ್ಯದ ಬಳಿ ಮಂಗಳ ಕೆಂಪಗೆ ಏರುತ್ತಿದ್ದ. ಮಘೆ ಬರಬೇಕು, ಆಮೇಲೆ ಹುಬ್ಬ. ಹನ್ನೊಂದು ದಾಟುತ್ತದೆ, ಚಳಿ, ನಾಳೆ ನೋಡಿದರಾಯಿತು ಎಂದೆ. ಅವಳು ಎದ್ದು ಹೋಗಿ ಇನ್ನೊಂದು ಕೌದಿ ತಂದಳು. ಮಕ್ಕಳು ಒಬ್ಬರ ಮೇಲೊಬ್ಬರು ನಿದ್ದೆ ಹೋದರು. ಶುಕ್ರ ಎಂದೋ ಮುಳುಗಿದ್ದ. ಆರಿದ್ರಾ ನೆತ್ತಿಗೆ ಬಂದಿತ್ತು. ಗುಡಿ ಮುಂದಿನ ದೀಪವನ್ನು ವಾಟರ್‌ಮನ್ ಮರೆತೇ ಬಿಟ್ಟಿದ್ದ.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಮೂಡಣದಲ್ಲಿ, ನಮ್ಮ ಬಣವೆಯ ನೆತ್ತಿಯ ಮೇಲೆ, ಒಂದರ ಪಕ್ಕ ಒಂದು ಎರಡು ಚುಕ್ಕಿ ಕಂಡವು. ಅಂಥ ದೊಡ್ಡವೇನಲ್ಲ. ತೋರಿಸಿದೆ. ಅವ್ವ ಸೆರಗಿನಿಂದ ಕಣ್ಣಿನ ನೀರು ಒರೆಸಿಕೊಂಡು ನೋಡಿದಳು. ಚಳಿಗಾಳಿಗೆ ಅವಳ ಕಣ್ಣು ಹಾಗೆ ಒಸರುತ್ತವೆ.

‘ಸಣ್ಣವ ಅದಾವು,’ ಎಂದಳು.