ತರಂಗಗಳ ಸಂತೆಯಲ್ಲಿ ಜಂಗಮವಾಣಿ

ಘಟ್ಟದ ಕಾಡನ್ನು ದಾಟಿ ಬಸ್ಸು ಊರನ್ನು ಸಮೀಪಿಸಿದಾಗ, ಅದುವರೆಗೆ ಮೂಕವಾಗಿದ್ದ ಜಂಗಮವಾಣಿಯು ಥಟ್ಟನೆ ಜಾಲವನ್ನು ಕಂಡುಕೊಳ್ಳುವುದನ್ನು ನಾವೆಲ್ಲರೂ ನೋಡಿದ್ದೇವೆ. ಅಸಂಖ್ಯ ತರಂಗಗಳ ನಡುವೆ ತನ್ನದನ್ನು ಅದು ಗುರುತಿಸುವುದು ಹೇಗೆ?

ಅದು ಮೊದಲು ಕೂಗುವುದಿಲ್ಲ, ಕಿವಿಗೊಡುತ್ತದೆ. ಎರಡನೆಯ ಪೀಳಿಗೆಯ ಜಿಎಸ್‌ಎಂ ಪದ್ಧತಿಯ ಮೂಲ 900 ಪಟ್ಟಿಯನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಇಲ್ಲಿ ಗೋಪುರಗಳ ಪ್ರಸಾರಕ್ಕೆ 935ರಿಂದ 960 ಮೆಗಾಹರ್ಟ್ಸ್‌ವರೆಗೆ, 200 ಕಿಲೋಹರ್ಟ್ಸ್ ಅಂತರದ 124 ವಾಹಕ ತರಂಗಗಳಿವೆ. ಉಪಕರಣವು ಒಂದೊಂದರ ಬಲವನ್ನೂ ಅಳೆದು, ಪ್ರಬಲವಾದುದನ್ನು ಮೊದಲು ಪರೀಕ್ಷಿಸುತ್ತದೆ. ಆದರೆ ಬಲವೊಂದೇ ಸಾಲದು. ಅದು ಯಾರದೋ ಸಂಭಾಷಣೆಯನ್ನು ಹೊತ್ತ ವಾಹಕವಾಗಿರಬಹುದು. ಗೋಪುರದ ಘೋಷಣಾ ವಾಹಕದಲ್ಲಿ ಮಾತ್ರ, ಸುಮಾರು 46 ಮಿಲಿಸೆಕೆಂಡಿಗೊಮ್ಮೆ, ವಾಹಕದ ನಡುವಿಗಿಂತ 67.7 ಕಿಲೋಹರ್ಟ್ಸ್ ಮೇಲಿರುವ ಶುದ್ಧ ಸ್ವರವೊಂದು ಕೇಳಿಬರುತ್ತದೆ. ಗಾಯಕನು ತಂಬೂರಿಯ ಷಡ್ಜಕ್ಕೆ ಕಂಠವನ್ನು ಕೂಡಿಸುವಂತೆ, ಉಪಕರಣವು ತನ್ನ ಸ್ಫಟಿಕದ ಆಂದೋಲಕವನ್ನು ಇದಕ್ಕೆ ಸರಿಹೊಂದಿಸುತ್ತದೆ. ಬಳಿಕವೇ ಕಾಲಗಣನೆ, ಗೋಪುರದ ಗುರುತು, ಜಾಲದ ಒಡೆಯನ ಸಂಕೇತಾಂಕ.

ನಾಲ್ಕನೆಯ ಪೀಳಿಗೆಯಲ್ಲಿ ಈ ಸ್ವರದ ಬದಲು, 5 ಮಿಲಿಸೆಕೆಂಡಿಗೊಮ್ಮೆ ಬರುವ ಮೂರು ವಿನ್ಯಾಸಗಳಲ್ಲೊಂದನ್ನು ಹುಡುಕಬೇಕು. ಪ್ರತಿ ಪಟ್ಟಿಯನ್ನೂ ಪ್ರತಿ ಪದ್ಧತಿಯಲ್ಲೂ ಹೀಗೆ ಜಾಲಾಡುವುದು ದೀರ್ಘಕಾರ್ಯ. ಆದುದರಿಂದ ಹಿಂದೆ ಸೇವೆ ದೊರೆತ ಆವರ್ತಾಂಕಗಳನ್ನು ನೆನಪಿಟ್ಟು ಮೊದಲು ಅಲ್ಲಿಯೇ ಅರಸುವುದುಂಟು.

ಕಾಡಿನಲ್ಲಿ ಏನೂ ದೊರೆಯದಿದ್ದರೆ ಶೋಧವು ಮರುಕಳಿಸುತ್ತಲೇ ಇರುತ್ತದೆ. ಗ್ರಾಹಕವು ಎಚ್ಚರವಾಗಿದ್ದಷ್ಟೂ ಬ್ಯಾಟರಿ ಕರಗುತ್ತದೆ. ಚಾರಣಕ್ಕೆ ಹೊರಡುವ ವಿದ್ಯಾರ್ಥಿಗಳು ಕಣಿವೆಯಲ್ಲಿ ವಿಮಾನಸ್ಥಿತಿಯನ್ನು ಹಾಕಿ, ದಿಣ್ಣೆ ಏರಿದಾಗ ತೆಗೆಯುವುದು ಲೇಸು. ಅಲ್ಲಿ ತಮ್ಮ ಸಂಸ್ಥೆಯ ಜಾಲವಿಲ್ಲದಿದ್ದರೂ, ಉಪಕರಣವು ಬೇರೊಂದು ಜಾಲವನ್ನು ಆಶ್ರಯಿಸಿದ್ದರೆ 112ಕ್ಕೆ ಕರೆ ಹೋಗಬಲ್ಲದು.